ಪರಿಚಯದ ಡ್ರೈವರು

ಬೆಂಚಿನ ಒಂದು ತುದಿ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದ ರೈಟಣ್ಣ ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. "ಹೋಲ್ಡಾನ್, ಹೋಲ್ಡಾನ್," ಎಂದು ಬಸ್ ನಿಲ್ಲಿಸುವ ದನಿಯಲ್ಲೇ ಹೇಳಿ, ಬೆಂಚನ್ನು ಕೆಳಗಿಟ್ಟು, ಅದರ ಮೇಲೇ ಕುಳಿತು ಎಡಗಾಲಿನ ಪ್ಯಾಂಟನ್ನು ಮಂಡಿಯವರೆಗೆ ಮಡಚಿದ. ಇನ್ನೊಂದು ತುದಿ ಹಿಡಿದಿದ್ದವಳು ಸತ್ತವಳ ಮಗಳು. ಅವಳ ಕಣ್ಣು ಅವನ ಮೀನಖಂಡದ ಮೇಲೆ ಬಿತ್ತು. ಅಲ್ಲಿ ನಿಂಬೆಹಣ್ಣಿಗಿಂತ ದೊಡ್ಡದೊಂದು ಗಂಟಿತ್ತು.

"ನೋಯುತ್ತಾ?" ಎಂದಳು.

"ನೋವೇನಿಲ್ಲ ಕಣಮ್ಮ. ಬೆಳೀತಾ ಇದೆ, ಭಾರ, ಅಷ್ಟೇ. ಕೊಬ್ಬಿನ ಗಂಟು ಅಂದ್ರು ಡಾಕ್ಟ್ರು. ಸೋಮವಾರ ತೆಗೆದುಬಿಡ್ತಾರಂತೆ, ಸಂಜೆಗೆಲ್ಲ ಮನೆ."

ಯಾವ ಡಾಕ್ಟರು ಎಂದು ಮಗಳು ಕೇಳಬೇಕಾಗಿರಲಿಲ್ಲ. ಅವರು ಒಳಗೆ ಅಮ್ಮನ ತಲೆಯ ಬಳಿ ಕನ್ನಡಕ ಕೈಯಲ್ಲಿ ಹಿಡಿದು ನಿಂತಿದ್ದರು. ಅಮ್ಮನ ತೊಡೆಯ ಗಂಟಿಗೂ ನೋವಿರಲಿಲ್ಲ. ಅದನ್ನೂ ಕೊಬ್ಬು ಎಂದವರು ಅವರೇ.

ರೈಟಣ್ಣ ಬಸ್ ಕಂಡಕ್ಟರು. ಮನೆಯಲ್ಲಿ ಊಟ ಬಡಿಸು ಎನ್ನುವುದಕ್ಕೂ 'ರೈಟ್' ಎನ್ನುತ್ತಾನೆಂದು ಅವನ ಹೆಂಡತಿಯ ದೂರು. ಸತ್ತವಳು ಊರಿನ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಿದ್ದವಳು, ಎಲ್ಲರ ಬಾಯಲ್ಲೂ ಎನ್‌ಕ್ವೈರಿ ಅಕ್ಕ. ಗೊತ್ತಿದ್ದರೆ ಹೇಳುವಳು. ಗೊತ್ತಿಲ್ಲದಿದ್ದರೆ "ನಂಗೊತ್ತಿಲ್ಲ. ಇರಿ, ಕೇಳಿ ಹೇಳ್ತೀನಿ" ಎಂದು ಕಿಟಕಿ ಮುಚ್ಚಿ, ಆ ದಾರಿಯಲ್ಲಿ ದಿನಾ ಓಡಾಡುವ ಡ್ರೈವರನ್ನೇ ಹುಡುಕಿಕೊಂಡು ಹೋಗುವಳು. ಸಾಲಿನಲ್ಲಿದ್ದವರು ಬಯ್ಯುತ್ತಿದ್ದರು. ಬಯ್ಯಲಿ ಬಿಡಿ, ಅಂದಾಜಿನ ಮೇಲೆ ಯಾರನ್ನೂ ಬಸ್ ಹತ್ತಿಸಿದವಳಲ್ಲ ಆಕೆ. ಓಡಿ ಬರುವ ಪ್ರಯಾಣಿಕರಿಗಾಗಿ ಒಂದು ಗಳಿಗೆ ನಿಲ್ಲಿಸೋ ಎಂದು ಅವಳು ಕೂಗುವುದು, ರೈಟಣ್ಣ ಕೇಳಿಸದವನಂತೆ ರೈಟ್ ಹೇಳಿ ಹೊರಟುಬಿಡುವುದು, ಇದು ಇಬ್ಬರ ನಿತ್ಯದ ಜಗಳ.

*

ಡಾಕ್ಟರು ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು! ಮಗಳಿಗೆ ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಮನೆಗೇ ನಡೆದು ಬಂದವರು. ಅಪ್ಪ ತೀರಿಕೊಂಡ ದಿನ ಅಮ್ಮನ ಪಕ್ಕದಿಂದ ಕದಲದವರು. ಅಂಥವರು ಸಣ್ಣ ಗಂಟು, ತೆಗೆದುಬಿಡೋಣ ಎಂದಾಗ, ಇಂಥದ್ದು ಮೊದಲು ಎಷ್ಟು ನೋಡಿದ್ದೀರಿ ಎಂದು ಕೇಳಲು ಮಗಳು ಬಾಯಿ ತೆರೆದಿದ್ದಳು. ಅಮ್ಮ ಮೇಜಿನ ಕೆಳಗೆ ಅವಳ ಕೈ ಚಿವುಟಿದಳು. ಹೊರಗೆ ಬಂದ ಮೇಲೆ, ಅಷ್ಟು ಒಳ್ಳೆ ಮನುಷ್ಯನನ್ನು ಹಾಗೆಲ್ಲ ಕೇಳುತ್ತಾರೇನೇ ಎಂದು ಗದರಿದಳು. ದಾಕ್ಷಿಣ್ಯ. ಹಾಳು ದಾಕ್ಷಿಣ್ಯ.

ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದ ಮೇಲೆ ಗೊತ್ತಾಯಿತು, ಅದು ಕೊಬ್ಬಲ್ಲ, ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್. ಮಗಳು ಕಂಡಕಂಡವರನ್ನೆಲ್ಲ ಕೇಳಿ, ದೂರದ ನಗರದಲ್ಲಿ ಇದೊಂದನ್ನೇ ನೋಡುವ ಡಾಕ್ಟರಮ್ಮನನ್ನು ಹುಡುಕಿ ತೆಗೆದಳು. ಕತ್ತರಿ ಹಾಕುವ ಮೊದಲೇ ಸ್ಕ್ಯಾನ್ ಮಾಡಿ, ಸೂಜಿಯಿಂದ ಚೂರು ತೆಗೆದು ನೋಡಬೇಕಿತ್ತು, ಈಗ ಅದು ಹರಡಿಬಿಟ್ಟಿದೆ ಎಂದರು ಆಕೆ. ಮೊದಲೇ ಬಂದಿದ್ದರೆ ಅಮ್ಮ ಉಳಿಯುತ್ತಿದ್ದಳೇ ಎಂದು ಮಗಳು ಕೇಳಿದಳು. ಖಂಡಿತ ಅಂತ ಹೇಳಲಾರೆ, ಆದರೆ ದಾರಿಗಳು ಹೆಚ್ಚಿರುತ್ತಿದ್ದವು ಎಂದು ಉತ್ತರ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯಾಚೆ ನೋಡುತ್ತ ನಕ್ಕಳು. "ಊರಿಗೆಲ್ಲ ಬಸ್ ತೋರಿಸಿ ನಾನೇ ತಪ್ಪು ಬಸ್ ಹತ್ತಿದೆ ನೋಡೇ. ಡ್ರೈವರು ಪರಿಚಯದವ್ರು ಅಂತ."

ಮಗಳು ನಗಲಿಲ್ಲ. ಅಮ್ಮ ಅವಳತ್ತ ತಿರುಗಿದಳು. "ನಮ್ಮ ಡಾಕ್ಟ್ರಿಗೆ ಒಂದು ಮಾತೂ ಅನ್ನಕೂಡ್ದು. ನನ್ನಾಣೆ."

*

ಮಗಳು ಮೊದಲು ರೈಟಣ್ಣನಿಗೇ ಹೇಳಿ ನೋಡಿದಳು. ಸೋಮವಾರ ಬೇಡ, ನಗರಕ್ಕೆ ಹೋಗಿ ಒಮ್ಮೆ ತೋರಿಸಿ ಎಂದಳು. ಅವನು ಪ್ಯಾಂಟು ಇಳಿಸಿಕೊಳ್ಳುತ್ತ ತಲೆಯಾಡಿಸಿದ. ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ, ಎಷ್ಟು ವರ್ಷದ ಪರಿಚಯ ಎಂದ. ಅಮ್ಮನ ಮಾತೇ ಅವನ ಬಾಯಲ್ಲಿ ಬಂದಂತಾಯಿತು.

ಸೋದರಮಾವನನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದಳು. ಮಾವ ಮೆದು ಮನುಷ್ಯ. ಸಾವಿನ ಮನೆಯಲ್ಲಿ, ನಾಲ್ಕು ಜನರ ಮುಂದೆ, ಅಂಥವರ ಮುಖ ಮುರಿಯುವುದೇ ಎಂದ. ರೈಟಣ್ಣನದು ಬರೀ ಕೊಬ್ಬೇ ಇರಬಹುದಲ್ಲ ಎಂದ.

"ಇರಬಹುದು ಮಾವ. ಇಲ್ಲದಿದ್ರೆ?"

"ಅಕ್ಕ ಆಣೆ ಹಾಕಿದಾಳೆ ಕಣೇ."

ಅಷ್ಟರಲ್ಲಿ ಹೊರಗೆ ವ್ಯಾನು ಬಂದ ಸದ್ದಾಯಿತು.

ಹೊತ್ತವರಲ್ಲಿ ಡಾಕ್ಟರೂ ಒಬ್ಬರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ನೋಡಿ ಮಗಳ ಸಿಟ್ಟು ಇಳಿಯಿತು, ಮರುಗಳಿಗೆ ಮತ್ತೆ ಏರಿತು. ಅಮ್ಮನನ್ನು ಒಳಗಿಟ್ಟರು. ಎಂಜಿನ್ ಶುರುವಾಯಿತು. ರೈಟಣ್ಣ ಅಭ್ಯಾಸಬಲದಿಂದ ಹಿಂಬಾಗಿಲ ಬಳಿ ನಿಂತು, ವ್ಯಾನಿನ ಮೈ ತಟ್ಟಲು ಕೈಯೆತ್ತಿದ.

ಅಮ್ಮಾ, ತಪ್ಪಾಯಿತು, ಎಂದುಕೊಂಡು ಮಗಳು ಡಾಕ್ಟರ ಎದುರು ಹೋಗಿ ನಿಂತಳು.

"ಡಾಕ್ಟ್ರೇ, ಅಮ್ಮನಿಗಿಂತ ಮುಂಚೆ ಇಂಥದ್ದು ಎಷ್ಟು ಜನಕ್ಕೆ ತೆಗೆದಿದ್ರಿ?"

ಮಾವ ಗೋಡೆಯ ಕಡೆ ತಿರುಗಿದ. ಡಾಕ್ಟರು ಕನ್ನಡಕ ಹಾಕಿಕೊಂಡು ಮತ್ತೆ ತೆಗೆದರು.

"ಒಬ್ಬರಿಗೂ ಇಲ್ಲಮ್ಮ," ಎಂದರು. "ಅವತ್ತು ನಿಮ್ಮಮ್ಮ ಕೇಳ್ತಾರೇನೋ ಅಂದ್ಕೊಂಡಿದ್ದೆ. ಕೇಳಲಿಲ್ಲ. ನಾನಾಗಿ ಹೇಳಲಿಲ್ಲ."

"ಈಗ ನಾನು ಕೇಳ್ತಿದೀನಿ. ರೈಟಣ್ಣನ ಕಾಲಲ್ಲಿರೋದು ಕೊಬ್ಬೇ ಅಂತ ನಿಮಗೆ ಗೊತ್ತಾ?"

ರೈಟಣ್ಣ ಎತ್ತಿದ ಕೈ ಇಳಿಸಿ, ಬಗ್ಗಿ ಮೀನಖಂಡ ಮುಟ್ಟಿಕೊಂಡ. ಡಾಕ್ಟರು ಅವನನ್ನು ನೋಡಿದರು. ಆಮೇಲೆ ತೆರೆದ ಬಾಗಿಲೊಳಗೆ ಮಲಗಿದ್ದವಳನ್ನು ನೋಡಿದರು.

"ನಂಗೊತ್ತಿಲ್ಲ," ಎಂದರು. "ಇರಿ. ಕೇಳಿ ಹೇಳ್ತೀನಿ."

ನಗರದ ಡಾಕ್ಟರಮ್ಮನ ನಂಬರು ಮಗಳ ನಾಲಗೆಯ ತುದಿಯಲ್ಲೇ ಇತ್ತು. ಅವಳು ಹೇಳುತ್ತ ಹೋದಂತೆ ಅವರು ಒಂದೊಂದೇ ಅಂಕಿ ಒತ್ತಿ, ಫೋನನ್ನು ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆದರು. ಆ ಕಡೆ ರಿಂಗಾಗುತ್ತಲೇ ಇತ್ತು. ಯಾರೂ ಕದಲಲಿಲ್ಲ.

ವ್ಯಾನಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, ಹೊರಡೋಣವೇ ಎಂದು ಕೇಳಿದ.

ಯಾರಿಗಾಗಿಯೂ ಒಂದು ಗಳಿಗೆ ಬಸ್ ನಿಲ್ಲಿಸದ ರೈಟಣ್ಣ, ಎನ್‌ಕ್ವೈರಿ ಅಕ್ಕನ ವ್ಯಾನಿನ ಬಾಗಿಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಡಾಕ್ಟರ ಬೆನ್ನನ್ನೇ ನೋಡುತ್ತ, "ಹೋಲ್ಡಾನ್," ಎಂದ.