ಆರನೆಯ ಮೆಟ್ಟಿಲು

"ಯಾರೂ ಬೀಳಲಿಲ್ಲ ಅಂದರೆ ಯಾರೂ ನಂಬುವುದಿಲ್ಲ ಮಾರಾಯ. ಸುಳ್ಳಿಗೂ ಒಂದು ಹೆಸರು ಬೇಕಾಗ್ತದೆ. ನಿನ್ನ ಮಗಳ ಹೆಸರು ಹೇಳು, ಸಾಕು," ಎಂದರು ವಕೀಲ ಗುರುವಪ್ಪ ಶೆಟ್ಟರು.

ಹೊಳೆ ದಾಟಿಸುವ ಕಡವಿನ ದೋಣಿಯ ಲೋಕಯ್ಯ ಮುಂಡಾಸು ಕೈಯಲ್ಲಿ ಹಿಡಿದು ಅಂಗಳದ ಬದಿಯಲ್ಲಿ ನಿಂತಿದ್ದ. ಹನ್ನೆರಡು ದಿನಗಳ ಹಿಂದೆ ಇದೇ ಮನೆಯ ಮಗಳು ವಾರಿಜಾಕ್ಷಿ ಕಾಲು ತೊಳೆಯಲು ಹೊಳೆಗಿಳಿದು, ಆರನೆಯ ಮೆಟ್ಟಿಲಿನ ಪಾಚಿಗೆ ಜಾರಿ, ತುಂಬಿದ ನೇತ್ರಾವತಿಗೆ ಬಿದ್ದಿದ್ದಳು. ಲೋಕಯ್ಯ ನೀರಿಗೆ ಹಾರಿ, ಜಡೆ ಹಿಡಿದು ಎಳೆದು ದಡಕ್ಕೆ ಹಾಕಿದ್ದ. ಅಂದು ಶೆಟ್ಟರ ಹೆಂಡತಿ ಪರಮೇಶ್ವರಿ ಅಮ್ಮ "ನೀನು ಮನುಷ್ಯ ಅಲ್ಲ, ನಮ್ಮ ಮನೆಯ ದೈವ" ಎಂದು ಅತ್ತಿದ್ದರು. ದೈವಕ್ಕಾದರೆ ವರ್ಷಕ್ಕೊಂದು ಕೋಲದ ಸೇವೆಯಾದರೂ ಸಿಗುತ್ತದೆ. ಲೋಕಯ್ಯನಿಗೆ ಒಂದು ಪಂಚೆ ಸಿಕ್ಕಿತು.

ಬಂಟ್ವಾಳದ ಹೊಳೆಬದಿಯೆಂದರೆ ಆ ಕಾಲಕ್ಕೆ ಸಂಸಾರವಂದಿಗರ ಸ್ವರ್ಗ. ವಕೀಲರು, ಅಕ್ಕಿಗಿರಣಿಯವರು, ಸಬ್‌ರಿಜಿಸ್ಟ್ರಾರರು ಸಾಲಾಗಿ ಹೆಂಚಿನ ಮನೆ ಕಟ್ಟಿಸಿಕೊಂಡಿದ್ದರು. ಮನೆಗೊಂದು ಹೂತೋಟ, ಕೂಗಳತೆಯಲ್ಲಿ ಶಾಲೆ, ಹಿತ್ತಿಲಿನಿಂದ ಹೊಳೆಗೆ ಕಲ್ಲಿನ ಮೆಟ್ಟಿಲು. ಸಂಜೆ ಹೆಂಗಸರು ಆ ಮೆಟ್ಟಿಲುಗಳ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದರು, ಜತೆಗೆ ಊರಿನವರ ಮಾನವನ್ನೂ ಹರಾಜಿಗಿಡುತ್ತಿದ್ದರು. ವಾರಿಜಾಕ್ಷಿ ಜಾರಿದಳೆಂಬುದು ಅಲ್ಲಿ ಮೂರೇ ದಿನದಲ್ಲಿ ಹಾರಿದಳೆಂದಾಯಿತು. ಭಾನುವಾರ ಮೂಡುಬಿದಿರೆಯಿಂದ ಗಂಡಿನವರು ಅವಳನ್ನು ನೋಡಲು ಬರುವವರಿದ್ದರು. ಅವರ ಕಿವಿಗೂ ಸುದ್ದಿ ಬಿದ್ದಿತ್ತು.

"ನನ್ನ ಪ್ರೇಮಾವತಿಗೂ ಸಿದ್ಧಕಟ್ಟೆಯಲ್ಲಿ ಮದುವೆ ಮಾತಾಗಿ ಉಂಟು ಧಣಿ."

"ನಿಮ್ಮಲ್ಲಿ ಅದನ್ನೆಲ್ಲ ಅಷ್ಟು ನೋಡುವುದಿಲ್ಲ." ಶೆಟ್ಟರು ಎಲೆಗೆ ಸುಣ್ಣ ಹಚ್ಚಿದರು. "ಇಪ್ಪತ್ತು ವರ್ಷದಿಂದ ನಮ್ಮ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದೀ. ಏಳು ಅಂತ ಒಂದು ದಿನ ಹೇಳಿದ್ದುಂಟಾ ನಾನು?"

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಶೆಟ್ಟರು ಬೈಯಲಿಲ್ಲ. ಎಲೆಯಡಿಕೆಯ ತಟ್ಟೆಯನ್ನು ಅವನತ್ತ ಸರಿಸಿದರು.

ಭಾನುವಾರ ಶೀರಾ, ಉಪ್ಪಿಟ್ಟು ಮುಗಿಸಿ ಗಂಡಿನ ಸೋದರಮಾವ ನೋಣಯ್ಯ ಹೆಗ್ಡೆಯವರು ಬಾಯಿ ತೊಳೆಯುವ ನೆವದಲ್ಲಿ ಹೊಳೆಗಿಳಿದರು. ಶೆಟ್ಟರು ಹಿಂದೆಯೇ ಬಂದರು. ಪಕ್ಕದ ಕಡವಿನಲ್ಲಿ ಲೋಕಯ್ಯ ದೋಣಿ ಕಟ್ಟುತ್ತಿದ್ದ. ಪ್ರೇಮಾವತಿ ಅಲ್ಲೇ ಪಾತ್ರೆ ಬೆಳಗುತ್ತಿದ್ದಳು.

"ಇಲ್ಲಿ ಯಾವುದೋ ಹುಡುಗಿ ನೀರಿಗೆ ಬಿದ್ದದ್ದಂತೆ?" ಹೆಗ್ಡೆಯವರು ಕೇಳಿದರು.

"ಹೌದು ಧಣಿ." ಲೋಕಯ್ಯ ಹಗ್ಗದ ಮೇಲಿನ ಕಣ್ಣು ತೆಗೆಯಲಿಲ್ಲ. "ನನ್ನ ಮಗಳು."

"ಜಾರಿದ್ದಾ, ಹಾರಿದ್ದಾ?"

ಈ ಪ್ರಶ್ನೆಗೆ ವಕೀಲರು ಅವನಿಗೆ ಉತ್ತರ ಕಲಿಸಿರಲಿಲ್ಲ. "ಜಾರಿದ್ದು," ಎಂದ.

"ಎಲ್ಲ ಅಪ್ಪಂದಿರೂ ಹಾಗೇ ಹೇಳುವುದು," ಎಂದು ಹೆಗ್ಡೆಯವರು ನಕ್ಕರು. ಶೆಟ್ಟರೂ ನಕ್ಕರು.

ಅಪ್ಪ ಗುಡಿಸಲಿಗೆ ಬಂದಾಗ ಪ್ರೇಮಾವತಿ ಅಳಲಿಲ್ಲ, ಜಗಳವಾಡಲಿಲ್ಲ. "ನನ್ನನ್ನು ಜಡೆ ಹಿಡಿದು ಎಳೆದದ್ದಾ ಅಪ್ಪ, ಕೈ ಹಿಡಿದಾ? ನಾಳೆ ಯಾರಾದರೂ ಕೇಳಿದರೆ ನಾನೂ ಹೇಳಬೇಕಲ್ಲ," ಎಂದಳು.

ಮೂಡುಬಿದಿರೆಗೆ ಹೋಗುವ ದಾರಿಯಲ್ಲೇ ಸಿದ್ಧಕಟ್ಟೆ. ಹೆಗ್ಡೆಯವರ ಕಾರು ಅಲ್ಲಿ ಚಹಾಕ್ಕೆ ನಿಂತಿತು. ಕಾರಿನಲ್ಲಿ ಬಂದವರು ಬಾಯಿ ಬಿಟ್ಟರೆ ಊರಿಗೆ ಊರೇ ಕಿವಿಯಾಗುತ್ತದೆ. ನಾಲ್ಕನೆಯ ದಿನ ಪ್ರೇಮಾವತಿಯ ಗಂಡಿನ ಕಡೆಯವರು ಬಂದು, ಹುಡುಗನಿಗೆ ಈ ವರ್ಷ ಯೋಗವಿಲ್ಲವೆಂದು ಹೇಳಿ, ಕೊಟ್ಟ ಬೆಲ್ಲ ನೀರನ್ನೂ ಮುಟ್ಟದೆ ಎದ್ದುಹೋದರು.

ಬೇಸಿಗೆಯಲ್ಲಿ ವಾರಿಜಾಕ್ಷಿಯ ಮದುವೆಯಾಯಿತು. ಮಳೆಗಾಲದ ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿನಲ್ಲಿ ಕೂರಬೇಕು. ಬಂದಳು. ಹೊಳೆಯ ನೀರೂ ಮತ್ತೆ ಆರನೆಯ ಮೆಟ್ಟಿಲಿಗೆ ಬಂದಿತ್ತು. ಮಕ್ಕಳು ಓಡಾಡುವ ಜಾಗವೆಂದು ಪರಮೇಶ್ವರಿ ಅಮ್ಮ ಲೋಕಯ್ಯನಿಗೆ ಹೊಸದೊಂದು ಕೆಲಸ ಅಂಟಿಸಿದ್ದರು. ಶನಿವಾರ ಶನಿವಾರ ತೆಂಗಿನ ಸಿಪ್ಪೆಯಿಂದ ಮೆಟ್ಟಿಲಿನ ಪಾಚಿ ತಿಕ್ಕುವುದು.

ಆ ಶನಿವಾರ ಮಳೆ ಸ್ವಲ್ಪ ಬಿಟ್ಟಿತ್ತು. ಹೆಂಗಸರು ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ಹೊಸದಾಗಿ ಬಿಡಾರ ಮಾಡಿದ್ದ ಡಾಕ್ಟರರ ಹೆಂಡತಿ ಮಗುವಿನೊಂದಿಗೆ ಬಂದಿದ್ದರು. ಪ್ರೇಮಾವತಿ ಕೊಡಪಾನ ಹಿಡಿದು ಕಡವಿಗೆ ಇಳಿಯುವುದನ್ನು ಕಂಡು ಅವರು "ಅದು ಯಾರು?" ಎಂದು ಕೇಳಿದರು.

"ಅವಳಾ?" ವಾರಿಜಾಕ್ಷಿ ಮಲ್ಲಿಗೆ ಮುಡಿಯುತ್ತಾ ಹೇಳಿದಳು. "ದೋಣಿಯವನ ಮಗಳು. ಹೊಳೆಗೆ ಹಾರಿದವಳು. ಮಗುವನ್ನು ಅವಳ ಹತ್ತಿರ ಬಿಡಬೇಡಿ."

ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಹೇಳುತ್ತಿರುವುದು ಸುಳ್ಳೆಂಬ ನೆನಪೂ ಅವಳಿಗೆ ಉಳಿದಿರಲಿಲ್ಲವೇನೋ. ಪರಮೇಶ್ವರಿ ಅಮ್ಮ ದಾರದ ತುದಿಯನ್ನು ಹಲ್ಲಿನಿಂದ ಕಡಿದರು. ಪ್ರೇಮಾವತಿ ಖಾಲಿ ಕೊಡಪಾನದೊಂದಿಗೆ ತಿರುಗಿ ಹೋದಳು.

"ಬೇಗ ತಿಕ್ಕು ಲೋಕಯ್ಯ," ವಾರಿಜಾಕ್ಷಿ ಕೂಗಿದಳು. "ನನಗೆ ಕಾಲು ತೊಳೀಲಿಕ್ಕೆ ಉಂಟು."

ಲೋಕಯ್ಯ ಐದನೆಯ ಮೆಟ್ಟಿಲನ್ನು ಕಲ್ಲಿನ ಬಣ್ಣ ಕಾಣುವವರೆಗೆ ತಿಕ್ಕಿದ. ಅದರ ಕೆಳಗಿನದು ಹಸುರಾಗಿಯೇ ಇತ್ತು. ಅವನು ಸಿಪ್ಪೆಯನ್ನು ಹೊಳೆಗೆ ಎಸೆದು ಎದ್ದು ನಿಂತ.

"ಆಯಿತಾ?"

"ಆಯಿತು ಅಮ್ಮ."

ಗುಡಿಸಲಿಗೆ ಹೋಗಿ, ಮಗಳ ಕೈಯಿಂದ ಕೊಡಪಾನ ತೆಗೆದುಕೊಂಡು, ಲೋಕಯ್ಯ ತಾನೇ ನೀರಿಗೆ ಹೊರಟ.