ಮಾವನ ಹೊಲದಲ್ಲಿ ಸಿಕ್ಕಿಬಿದ್ದ ಸೊಲಾಂಜ್

ಚಮಚ ಉರುಳುತ್ತಿದೆ, ಮೇಜಿನಿಂದ ಬೆಂಚಿಗೆ, ಬೆಂಚಿನಿಂದ ಗೋಡೆಗೆ, ಗೋಡೆಯೇ ಈಗ ನೆಲ, ನಾನು ಕುಳಿತಿರುವುದೂ ಅದರ ಮೇಲೆಯೇ, ದೋಣಿ ಪಕ್ಕಕ್ಕೆ ಮಲಗಿಬಿಟ್ಟಿದೆ, ಚಹಾ ಚೆಲ್ಲಿದೆ, ದೋಣಿ ಹತ್ತುವಾಗ ಕಳಚಿಡುವ ಚಪ್ಪಲಿಯ ಬುಟ್ಟಿ ಮಾತ್ರ ಕಟ್ಟಿದ ಜಾಗದಲ್ಲೇ ಇದೆ, ಅದರಲ್ಲಿ ನನ್ನ ಕಂದು ಜೋಡಿ, ಹೆಂಡತಿ ಮಬ್ರೂಕಾಳ ನೀಲಿ ಜೋಡಿ — ಹನ್ನೊಂದು ತಿಂಗಳು ನನ್ನದೊಂದೇ ಇತ್ತು. ಮೊನಾಸ್ತಿರ್ ಬಂದರಿನಲ್ಲಿ ಇದನ್ನು ಮಾರಿದ ಫ್ರೆಂಚ್ ಮುದುಕ ಕಣ್ಣೊರೆಸಿಕೊಂಡು ಕೀಲಿಕೈ ಕೊಟ್ಟ, ನಮ್ಮೂರು ಸ್ಫಾಕ್ಸಿನ ಅಂಗಡಿಯಲ್ಲಿ ನಲವತ್ತು ವರ್ಷ ಕನ್ನಡಕ ಮಾರಿದ ನಾನು ಮೂವತ್ತೆರಡು ವರ್ಷ ಹಳೆಯ ಹಾಯಿದೋಣಿಗೆ ಯಜಮಾನನಾದೆ, ಹಿಂಭಾಗದಲ್ಲಿ ಅವನ ಹೆಂಡತಿಯ ಹೆಸರು, ಸೊಲಾಂಜ್, ಅಳಿಸಲು ಮನಸ್ಸಾಗಲಿಲ್ಲ, ಮನೆಯಲ್ಲಿ ಮಬ್ರೂಕಾಗೆ ಅದೇ ಮಾತು, ಏನ್ರೀ, ನಿಮ್ ಸೊಲಾಂಜ್‌ಗೆ ಇವತ್ತು ಏನ್ ಕಾಯಿಲೆ? ಕಾಯಿಲೆಗೇನು ಬರ, ಪಂಪು ಸೋರಿತು, ಬ್ಯಾಟರಿ ಸತ್ತಿತು, ತಳಕ್ಕೆ ಅಂಟಿದ ಚಿಪ್ಪು ಕೆರೆದು ಬಣ್ಣ ಬಳಿಯುವಾಗ ಬೆನ್ನು ಹಿಡಿಯಿತು, ಆದರೂ ಇಷ್ಟು ಸುಖವಾಗಿ ನಾನು ಯಾವತ್ತೂ ನಿದ್ದೆ ಮಾಡಿರಲಿಲ್ಲ. ಅವಳು ಮಾತ್ರ ಹತ್ತಲೊಲ್ಲಳು. ಕೆರ್ಕೆನ್ನಾ ದ್ವೀಪದವಳು, ಕಡಲೆಂದರೆ ಅವಳಿಗೆ ಅಪ್ಪ ಮೀನು ಹಿಡಿದು ದುಡಿದ ಜಾಗ, ಕಡಲಲ್ಲಿ ಮೋಜೇನ್ ಬಂತು ನಿಮಗೆ, ನಮ್ಮಪ್ಪ ಮೊಣಕಾಲು ನೋವು ಅಂತ ಅತ್ತಿದ್ದು ಅಲ್ಲೇ, ಸರಿ, ಒಂದೇ ಒಂದ್ ಸಲ ಬರ್ತೀನಿ, ಹಿಡಿಸ್ಲಿಲ್ಲ ಅಂದ್ರೆ ಮಾರ್ಬಿಡ್ಬೇಕು, ಮಾತು ಕೊಡಿ. ಕೊಟ್ಟೆ. ಆ ಒಂದು ಸಲ ಇವತ್ತು.

ಅವಳ ದ್ವೀಪಕ್ಕೇ ಕರೆದೊಯ್ದು ಮೆಚ್ಚಿಸೋಣವೆಂದು ಹೊರಟೆ, ಒಳ್ಳೆಯ ಗಾಳಿ, ತುಂಬಿದ ಉಬ್ಬರ, ಅವಳು ಕಂಬಿ ಬಿಗಿಹಿಡಿದು ಕುಳಿತಿದ್ದಾಳೆ, ಇದ್ದಕ್ಕಿದ್ದಂತೆ ಎದ್ದು, ರೀ, ನೀರಿನ ಬಣ್ಣ ಬದಲಾಯ್ತು, ತಿರುಗ್ಸಿ, ಮೀನು ಹಿಡಿಯೋ ಆ ಖರ್ಜೂರದ ಗರಿ ಬೇಲಿ ಕಾಣ್ತಿಲ್ವಾ, ಅದು ಅಪ್ಪಂದು — ನಾನು ಆಳ ಅಳೆಯುವ ಯಂತ್ರ ನೋಡಿದೆ, ನಮ್ಮ ತಳದ ಕೆಳಗೆ ಇನ್ನೂ ಎರಡು ಮೀಟರ್ ನೀರಿದೆ ಸುಮ್ನಿರೇ ಎಂದೆ, ಮುದುಕ ಅದನ್ನು ತಳದಿಂದಲ್ಲ, ನೀರಿನ ಮೇಲ್ಮೈಯಿಂದ ಅಳೆಯುವಂತೆ ಹೊಂದಿಸಿಟ್ಟಿದ್ದನೆಂದು ನನಗೇನು ಗೊತ್ತು, ನಮ್ಮ ತಳ ಮುಳುಗಿರುವುದೇ ಅಷ್ಟು ಆಳ, ಮೆತ್ತಗೆ ಒಂದು ಸದ್ದು, ನಿಂತೆವು, ಇಳಿತ ಶುರುವಾಯಿತು. ಊರಿಗೆಲ್ಲ ಕನ್ನಡಕ ಕೊಟ್ಟೋರು ನೀವು, ಎಂದಳು, ಅಷ್ಟೇ. ಮುಗಿಯಿತು, ಮಾರಿದ ಹಾಗೆಯೇ ಅಂದುಕೊಂಡೆ, ಬುಟ್ಟಿಯ ನೀಲಿ ಜೋಡಿ ನೋಡಲಾಗಲಿಲ್ಲ. ನೀರು ಮೊಣಕಾಲಿಗಿಳಿದಾಗ ಅವಳು ಲಂಗ ಎತ್ತಿ ಕಟ್ಟಿ ಬರಿಗಾಲಲ್ಲಿ ಇಳಿದೇಬಿಟ್ಟಳು, ಈಗ ಬೇಲಿಯ ಗುಂಟ ನಡೆಯುತ್ತಿದ್ದಾಳೆ, ಇಲ್ಲಿ ಕಡಲಿಗೂ ಪಹಣಿ ಉಂಟು, ಅಪ್ಪನಿಂದ ಮಕ್ಕಳಿಗೆ ತುಂಡು ತುಂಡಾಗಿ ಬರುತ್ತದೆ, ಮಾವ ತೀರಿದ ಮೇಲೆ ಅವಳು ಈ ತುಂಡಿಗೆ ಕಾಲಿಟ್ಟಿರಲಿಲ್ಲ. ಬಗ್ಗಿದಳು, ಬೇಟೆಗೆಂದು ನೀರಲ್ಲಿ ಮುಳುಗಿಸಿಟ್ಟ ಮಡಕೆಯೊಂದನ್ನು ಎತ್ತಿ ಇಣುಕಿದಳು, ಆಕ್ಟೋಪಸ್ ಕಣ್ರೀ, ಇನ್ನೂ ಅಪ್ಪನ ಮಡಕೇಲೇ ಮನೆ ಮಾಡ್ತಾವೆ, ನೋಡ್ರೀ! ನಗುತ್ತಿದ್ದಾಳೆ, ಮದುವೆಯಾದ ಹೊಸತರ ನಗು, ಎಲ್ಲಿಟ್ಟುಕೊಂಡಿದ್ದಳೋ.

ಚಪ್ಪಟೆ ತಳದ ದೋಣಿ ತಳ್ಳಿಕೊಂಡು ಬಂದವನು ಅವಳ ಚಿಕ್ಕಪ್ಪನ ಮಗ ಜಿಲಾನಿ, ಈಗ ಈ ಬೇಲಿ ನೋಡಿಕೊಳ್ಳುವವನು, ಏನ್ ಲಸ್ಸಾದ್ ಭಾವ, ನಮ್ ಹೊಲ ಉಳೋಕೆ ಬಂದ್ರಾ? ನಕ್ಕು ಸಾಯುತ್ತಾನೆ, ಅಕ್ಕಾ, ಉಬ್ಬರಕ್ಕೆ ಇನ್ನೂ ಹೊತ್ತಿದೆ, ಹತ್ತು, ಮನೆಗೆ ಬಿಡ್ತೀನಿ. ಹೋಗುವವಳನ್ನು ತಡೆಯಬಾರದು, ಬುಟ್ಟಿಗೆ ಕೈ ಹಾಕಿ ನೀಲಿ ಜೋಡಿ ತೆಗೆದೆ, ಅವನ ಕಡೆ ಚಾಚಿದೆ, ಅವಳು ಮಡಕೆ ಎದೆಗವಚಿಕೊಂಡು ತಿರುಗಿ, ಅದನ್ಯಾಕ್ ತೆಗೆದ್ರಿ, ಅಲ್ಲೇ ಇಡಿ, ನೀರು ಬಂದ್ಮೇಲೆ ನಾನೇ ದಾರಿ ತೋರಿಸ್ತೀನಿ, ನೀವು ಇದರ ಸಾರಿಗೆ ಈರುಳ್ಳಿ ಹೆಚ್ಚಿ — ಇಟ್ಟೆ, ಕಂದು ಜೋಡಿಯ ಪಕ್ಕ, ಬುಟ್ಟಿಯಲ್ಲಿ, ನೀಲಿ ಜೋಡಿ, ನೀಲಿ ಜೋಡಿ.