ನನ್ನ ಹೊಟ್ಟೆಗೆ ಬೀಳದ ಅರ್ಧ ಮಾತು

ನಾನೊಂದು ಟೇಪ್ ರೆಕಾರ್ಡರ್. ಹುಟ್ಟಿದ್ದು ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟದ್ದು ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ. ಮೊದಲ ಧಣಿ ಒಬ್ಬರು ಸಂಗೀತದ ಮಾಸ್ತರರು. ಹಾಡು ಕೇಳಿಕೊಂಡು ಸುಖವಾಗಿದ್ದೆ. ಅದು ಯಾರ ಕಣ್ಣಿಗೆ ಬಿತ್ತೋ ಏನೋ, ಅವರು ನನ್ನನ್ನು ಶಂಭಣ್ಣ ಕಟಗೇರಿಯವರಿಗೆ ದಾಟಿಸಿಬಿಟ್ಟರು.

ಕಟಗೇರಿಯವರು ಇತಿಹಾಸಕಾರರು. ಅವರ ಹೆಸರೆತ್ತಿದರೆ ಪಂಡಿತರು ಮೂಗು ಮುರಿಯುತ್ತಿದ್ದರು. ಜನ ಮಾತ್ರ ಅವರ ಭಾಷಣಕ್ಕೆ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅವರು ಮಾತಿನಲ್ಲೇ ಸತ್ತ ದೊರೆಗಳನ್ನು ಎಬ್ಬಿಸಿ ಕುದುರೆ ಹತ್ತಿಸುತ್ತಿದ್ದರು ನೋಡಿ, ಮೊದಮೊದಲು ನಾನೂ ಮರುಳಾಗಿದ್ದೆ. ಊರೂರು ಅಲೆದು ಮುದುಕರ ಮಾತು ಹಿಡಿಯುವುದು ನನ್ನ ಕೆಲಸ. ಆದರೆ ಆ ಮಹಾರಾಯರ ತಲೆಯಲ್ಲಿ ಪುಸ್ತಕ ಮೊದಲೇ ತಯಾರಾಗಿರುತ್ತಿತ್ತು. ಅದಕ್ಕೆ ಹೊಂದುವ ಮಾತು ಬಂದರೆ ನಾನು ತಿರುಗಬೇಕು. ಹೊಂದದ್ದು ಬಂತೋ, ಟಕ್ಕೆಂದು ಗುಂಡಿ ಒತ್ತುತ್ತಿದ್ದರು. ಕ್ಯಾಸೆಟ್ ದುಬಾರಿ ಎಂಬ ನೆಪ ಬೇರೆ!

ಹಿರೇಗುಡ್ಡದ ಕೋಟೆ ಬಿದ್ದದ್ದು ಬಾಗಿಲು ಕಾಯುವವನ ದ್ರೋಹದಿಂದ ಎಂದು ಅವರು ಬರೆಯಹೊರಟಿದ್ದರು. ಆ ಕಾವಲುಗಾರನ ವಂಶದ ಮುದುಕಿ ಫಕೀರವ್ವ. ಅವಳ ಮನೆಕಟ್ಟೆಯ ಮೇಲೆ ನನ್ನನ್ನಿಟ್ಟರು.

"ಬಾಗಲಾ ತಗದಾಂವ ನಮ್ಮ ಮುತ್ಯಾನ, ಖರೇ ಐತ್ರಿ," ಎಂದಳು. ಟಕ್! ಗುಂಡಿ ಬಿತ್ತು.

ರೀಲು ನಿಂತರೇನು, ಮುದುಕಿಯ ಮಾತು ನನಗೆ ಕೇಳಿಸುತ್ತಲೇ ಇತ್ತು. ವೈರಿಗಳು ಮುತ್ತಿದ್ದ ಕೋಟೆಯೊಳಗೆ ನೀರು ಬತ್ತಿ ಕೂಸುಗಳು ಸಾಯುತ್ತಿದ್ದವಂತೆ. ಬಾಗಿಲು ತೆಗೆ ಎಂದು ದೊರೆಯೇ ಅಪ್ಪಣೆ ಕೊಟ್ಟನಂತೆ. ಕಟಗೇರಿಯವರು ತಲೆದೂಗುತ್ತ ಚಹಾ ಕುಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಪುಸ್ತಕ ಬಂತು. ಫಕೀರವ್ವನ ಮನೆಗೆ 'ದ್ರೋಹಿಗಳ ಮನೆ' ಎಂಬ ಹೆಸರೂ ಬಂತು. ಮೊಮ್ಮಗಳು ರೇಣವ್ವನಿಗೆ ಗೊತ್ತಾಗಿದ್ದ ಗಂಡಿನ ಕಡೆಯವರು ಹಿಂದೆಗೆದರು. ಮುದುಕಿ ಪಟ್ಟು ಹಿಡಿದು ಸಾಲೆಯಲ್ಲಿ ಸಭೆ ಕೂಡಿಸಿದಳು. ಕಟಗೇರಿಯವರೂ ಗಂಡಿನ ಅಪ್ಪನೂ ಬಂದರು. ಆಧಾರವೇನು ಎಂದು ಜನ ಕೇಳಿದಾಗ ಕಟಗೇರಿಯವರು ನಗುತ್ತ ನನ್ನನ್ನು ಮೇಜಿನ ಮೇಲಿಟ್ಟು ಹಚ್ಚಿದರು. ಬಾಗಿಲು ತೆಗೆದವನು ನಮ್ಮ ಮುತ್ಯಾ ಎಂದು ಅವಳ ದನಿಯಲ್ಲೇ ನುಡಿದೆ. ಇನ್ನೇನು ಮಾಡಲಿ? ನನ್ನೊಳಗಿದ್ದದ್ದೇ ಅಷ್ಟು.

ಫಕೀರವ್ವ ಎದ್ದು ನಿಂತಳು. "ಮುಂದಿಂದೂ ಹಚ್ರಿ, ಸಾಹೇಬ್ರ."

"ಮುಂದ ಏನೂ ಇಲ್ಲವ್ವಾ. ಇರೂದು ಇಷ್ಟ."

ಆಗ ಅವಳೇ ಉಳಿದದ್ದನ್ನೆಲ್ಲ ಹೇಳತೊಡಗಿದಳು. ನೀರಿನ ಮಾತು, ಕೂಸುಗಳ ಮಾತು, ಅಂದು ಹೇಳಿದಂತೆಯೇ. ಹೌದು, ನಾನು ಕೇಳಿದ್ದೇನೆ ಎಂದು ಕೂಗಬೇಕೆನಿಸಿತು. ನನ್ನಿಂದ ಹೊರಟದ್ದು ಬರೀ ಸುಯ್ಯೆನ್ನುವ ಸದ್ದು.

"ಟೇಪಿನ್ಯಾಗ ಇಲ್ಲಲ್ಲ ಆಯೀ," ಎಂದ ಗಂಡಿನ ಅಪ್ಪ, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ.

ಈಗ ನಾನು ಗುಜರಿ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದೇನೆ. ಕಟಗೇರಿಯವರ ಹೆಸರನ್ನು ಒಂದು ರಸ್ತೆಗೆ ಇಟ್ಟಿದ್ದಾರಂತೆ. ಇಡಲಿ, ನನಗೇನು! ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಇಲ್ಲಿಗೆ ಬರುವವರು ಈಗಲೂ ಹೇಳುತ್ತಾರೆ. ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಬಾಯಿದ್ದ ಹೆಂಗಸು ಎದುರಿಗೇ ನಿಂತು ಹೇಳುತ್ತಿದ್ದಳು. ಊರು ನಂಬಿದ್ದು ನನ್ನನ್ನು.